ತಾಮ್ರ ಬೇಡವೆಂದ ವಾರ

ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ಕಾರು ವಡಾಲದ ನಮ್ಮ ಗ್ಯಾರೇಜಿಗೆ ಬಂತು. ತಾನಾಗಿ ಬರಲಿಲ್ಲ, ಒಂದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಎರಡೇ ಸೀಟಿನ, ಉದ್ದ ಮೂತಿಯ, ಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಸ್ಟೀರಿಂಗ್ ಹಿಡಿದು ಕೂತಿದ್ದವರು ಬೆಳಗಾವಿ ಕಡೆಯ ಒಬ್ಬ ಲೇಡಿ ಡಾಕ್ಟರು, ನಮ್ಮ ಮಾತಿನಲ್ಲಿ ಡಾಕ್ಟರ್ ಬಾಯಿ. ವಯಸ್ಸು ನಲವತ್ತರ ಆಸುಪಾಸು. ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಸರ್ಜನ್ನರಿಂದ ಆ ಕಾರನ್ನು ಕೊಂಡಿದ್ದರು. ಪ್ರತಿ ಭಾನುವಾರ ಅದರಲ್ಲೇ ಘಾಟ್ ಹತ್ತಿ, ಖಂಡಾಳದ ಆಚೆಯ ಒಂದು ಹಳ್ಳಿಯಲ್ಲಿ ರೋಗಿಗಳನ್ನು ನೋಡಿ, ಸಂಜೆ ಘಾಟ್ ಇಳಿದು ಬರುತ್ತಿದ್ದರು.

ಆ ವಾರ ನಾನು ಪ್ರತಿ ಸಂಜೆ ಬರೆದಿಟ್ಟ ಟಿಪ್ಪಣಿ ಈಗಲೂ ನನ್ನ ಬಳಿ ಇದೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಬರೆಯುವುದು ನನ್ನ ಅಭ್ಯಾಸ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕೇಳಿದ್ದು ಇಷ್ಟು. ಭಾನುವಾರ ಸಂಜೆ ಘಾಟ್ ಇಳಿದು, ಪನವೇಲ್, ಠಾಣೆ ದಾಟಿ, ಘಾಟ್ಕೋಪರ್ ಹತ್ತಿರ ಒಂದು ಎತ್ತಿನ ಗಾಡಿ ಅಡ್ಡ ಬಂದಾಗ ಅವರು ಬ್ರೇಕ್ ಒತ್ತಿದರು. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದರು. ಎತ್ತಿನ ಕೋಡಿಗೂ ಕಾರಿನ ದೀಪಕ್ಕೂ ನಡುವೆ ಒಂದು ಗೇಣು ಉಳಿದಿತ್ತಂತೆ.

"ಒಂದು ತಾಸು ಮೊದಲು ಹಿಂಗಾಗಿದ್ರ ನಾ ಘಾಟ್ನ್ಯಾಗ ಇರ್ತಿದ್ದೆ ತಮ್ಮಾ," ಎಂದರು. ದನಿಯಲ್ಲಿ ಏರಿಳಿತವಿರಲಿಲ್ಲ. ಯಾರದೋ ರೋಗದ ವಿವರ ಹೇಳುವವರಂತೆ ಹೇಳಿದರು. "ಬರೂ ಭಾನುವಾರ ನಾ ಹೋಗಬೇಕು. ಶನಿವಾರಕ್ಕ ಗಾಡಿ ಬೇಕು."

ಇನ್ನು ಕಂಡದ್ದು. ಕಾರಿನ ಕೆಳಗೆ ಮಲಗಿ ನೋಡಿದೆ. ಹಿಂದಿನ ಆಕ್ಸಲ್ಲಿನ ಮೇಲೆ ಹಾಯ್ದು ಹೋಗುವ ಉಕ್ಕಿನ ಪೈಪು ತುಕ್ಕು ಹಿಡಿದು ಹುಣಸೆ ತೊಗಟೆಯಂತಾಗಿತ್ತು. ಒಂದು ಕಡೆ ಸೂಜಿ ಮೊನೆಯಷ್ಟು ತೂತು. ಅಷ್ಟು ಸಾಕು. ಆ ಕಾಲದ ಕಾರುಗಳಲ್ಲಿ ನಾಲ್ಕೂ ಗಾಲಿಯ ಬ್ರೇಕಿಗೆ ಒಂದೇ ಎಣ್ಣೆಯ ದಾರಿ. ಎಲ್ಲಿ ಸೋರಿದರೂ ನಾಲ್ಕೂ ಗಾಲಿ ಕೈಬಿಡುತ್ತವೆ. ಉಳಿದ ಪೈಪುಗಳನ್ನು ಚಾಕುವಿನ ತುದಿಯಿಂದ ಕೆರೆದು ನೋಡಿದೆ. ಸಮುದ್ರದ ಗಾಳಿ, ಆಗಷ್ಟೇ ಮುಗಿದ ಮಳೆಗಾಲ. ಒಂದೂ ನಂಬುವ ಹಾಗಿರಲಿಲ್ಲ. ಆಕ್ಸಲ್ ಮೇಲಕ್ಕೆ ಕೆಳಕ್ಕೆ ಆಡುವಲ್ಲಿ, ಮುಂದಿನ ಗಾಲಿಗಳು ತಿರುಗುವಲ್ಲಿ ರಬ್ಬರಿನ ಹೋಸುಗಳಿರುತ್ತವೆ. ಅಂಥವು ಮೂರು. ಮೂರರ ಮೈಮೇಲೂ ಬಿರುಕು. ಆರು ಪೈಪು, ಮೂರು ಹೋಸು, ಎಲ್ಲವೂ ಬದಲಾಗಬೇಕು ಎಂದು ಗಾಡಿಯ ಕೆಲಸದ ಕಾರ್ಡಿನಲ್ಲಿ ಬರೆದೆ.

ನಮ್ಮ ಗ್ಯಾರೇಜಿನ ಮಾಲೀಕರು ಉಡುಪಿ ಕಡೆಯವರು. ಮೊದಲು ಮಾಟುಂಗದಲ್ಲಿ ಹೋಟೆಲಿನಲ್ಲಿದ್ದು, ಆಮೇಲೆ ಮೋಟಾರಿಗೆ ಬಂದವರು. ಒಳ್ಳೆಯ ಕೈ, ಬಿಸಿ ತಲೆ. ಊರಿನ ಹೆಸರು ಹಿಡಿದು ನನ್ನನ್ನು ಧಾರವಾಡ ಎಂದೇ ಕರೆಯುತ್ತಿದ್ದರು. ಅವರು ಮಾಡಿದ ಒಂದು ಕಟ್ಟಳೆ ನಮ್ಮಲ್ಲಿತ್ತು: ಬ್ರೇಕಿನ ಕೆಲಸ ಮಾಡಿದವನು, ಕಾರಿನವರು ಮೊದಲ ಸಲ ಗಾಡಿ ತೆಗೆಯುವಾಗ ಪಕ್ಕದ ಸೀಟಿನಲ್ಲಿ ಕೂರಬೇಕು. ಬೇರೆ ಗ್ಯಾರೇಜುಗಳಲ್ಲಿ ಇದನ್ನು ನಾನು ಕಂಡಿಲ್ಲ. ಗಿರಾಕಿಗಳಿಗೆ ಅದರಿಂದ ಧೈರ್ಯ. ಮಾಲೀಕರಿಗೆ ಅದರ ಬಗ್ಗೆ ಹೆಮ್ಮೆ.

ಮಾಲೀಕರು ನನ್ನ ಕಾರ್ಡು ಓದಿ, ಒಳಗಿನಿಂದ ತಾಮ್ರದ ಪೈಪಿನ ಒಂದು ಸುರುಳಿ ತಂದು ಬೆಂಚಿನ ಮೇಲಿಟ್ಟರು. ಅದು ಹೊಸದು, ಕೆಂಪಗೆ ಹೊಳೆಯುತ್ತಿತ್ತು.

"ಇದು ಉಂಟಲ್ಲ. ಕೈಯಲ್ಲೇ ಬಗ್ಗಿಸ್ಬಹುದು. ನಾಳೆ ಸಂಜೆ ಒಳಗೆ ಗಾಡಿ ರೆಡಿ."

"ತಾಮ್ರ ಬ್ಯಾಡ್ರಿ ಸಾವ್ಕಾರ್ರ."

"ಯಾಕೆ ಬೇಡ? ಮುಂಬಯಿಯ ಅರ್ಧ ಟ್ಯಾಕ್ಸಿಗಳು ತಾಮ್ರದಲ್ಲೇ ಓಡ್ತವೆ. ಇಂಗ್ಲಿಷಿನವರು ಸ್ವತಃ ಎಷ್ಟೋ ಹಳೇ ಗಾಡಿಗೆ ತಾಮ್ರವೇ ಹಾಕಿದ್ದಾರೆ, ಗೊತ್ತುಂಟಾ?"

"ಗೊತ್ತೈತ್ರಿ. ಈ ಗಾಡಿಗೆ ಉಕ್ಕು ಹಾಕ್ಯಾರ."

"ಆ ಬ್ರೆಡ್ ವ್ಯಾನಿನ ಕಥೆ ತೆಗೀಬೇಡ ಮಾರಾಯ. ಅದು ಪೈಪ್ ಹಿಡಿಯುವ ಕ್ಲಿಪ್ ಕಳಚಿ ಆದದ್ದು."

ನಾನು ಬ್ರೆಡ್ ವ್ಯಾನಿನ ಹೆಸರು ಎತ್ತಿರಲಿಲ್ಲ. ಎತ್ತಿದವರು ಅವರು. ನನ್ನ ಹತ್ಯಾರಿನ ಡಬ್ಬಿಯಲ್ಲಿ ಬೆರಳುದ್ದದ ಒಂದು ತಾಮ್ರದ ತುಂಡು ಎರಡು ವರ್ಷದಿಂದ ಇತ್ತು. ಅದು ಅವರಿಗೂ ಗೊತ್ತಿತ್ತು.

ತಾಮ್ರದ ಬಗ್ಗೆ ನನಗಿದ್ದ ತಕರಾರು ಸರಳ. ಅದು ಮೆತ್ತಗಿರುವುದರಿಂದ ಹಾಕುವವನಿಗೆ ಸುಖ. ಆದರೆ ವರ್ಷಗಟ್ಟಲೆ ನಡುಗುತ್ತಾ ನಡುಗುತ್ತಾ ಅದು ಗಡುಸಾಗುತ್ತದೆ. ತಂತಿಯನ್ನು ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುವ ಹಾಗೆ, ಪೈಪಿನ ತುದಿಯನ್ನು ತುತ್ತೂರಿ ಬಾಯಿಯಂತೆ ಅಗಲಿಸಿರುವ ಜಾಗದಲ್ಲಿ, ನಟ್ಟಿನ ಒಳಗೆ, ಕಣ್ಣಿಗೆ ಕಾಣದಂತೆ ಸೀಳುತ್ತದೆ. ಮೇಲೆ ನೋಡಿದರೆ ಕೊನೆಯ ದಿನದವರೆಗೂ ಹೊಳೆಯುತ್ತಲೇ ಇರುತ್ತದೆ.

"ಶುಕ್ರವಾರ ಮಧ್ಯಾಹ್ನದ ತನಕ ಟೈಮ್," ಎಂದರು ಮಾಲೀಕರು. "ಅಷ್ಟರೊಳಗೆ ನಿನ್ನ ಉಕ್ಕು ಬಂತೋ, ಹಾಕು. ಇಲ್ಲದಿದ್ರೆ ಬಾಯಿ ಮುಚ್ಚಿ ಇದು."

ವಿಲಾಯತಿಯಿಂದ ಪೈಪು ತರಿಸುವ ಮಾತೇ ಇರಲಿಲ್ಲ. ಇಂಪೋರ್ಟ್ ಲೈಸೆನ್ಸಿನ ಕಾಲ. ಅಂಥ ಸಾಮಾನಿಗೆ ಬರೆದು ಹಾಕಿದವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಮಂಗಳವಾರ ಬೆಳಿಗ್ಗೆ ಹಾರ್ಬರ್ ಲೈನಿನ ಲೋಕಲ್ ಹಿಡಿದು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದೆ. ಅಲ್ಲಿಂದ ಕಬ್ಬಿಣದ ಗಲ್ಲಿಗಳು. ಅಲ್ಲಿ ಒಂದು ತಪ್ಪು ಮಾಡಿದೆ. ಅದನ್ನೂ ಬರೆಯಬೇಕು.

ನಮ್ಮ ಮೋಟಾರಿನ ಕೆಲಸದಲ್ಲಿ ಅಳತೆ ಸೂತದಲ್ಲಿ. ಒಂದು ಸೂತವೆಂದರೆ ಇಂಚಿನ ಎಂಟನೆಯ ಒಂದು ಪಾಲು. ನನಗೆ ಬೇಕಾದದ್ದು ಎರಡು ಸೂತದ ಪೈಪು, ಅಂದರೆ ಕಾಲಿಂಚಿನದು. ಅಂಗಡಿಯ ಸೇಠರು ಎರಡು ಸೂತದ ಉಕ್ಕಿನ ಪೈಪು ಕೊಟ್ಟರು. ಹೊತ್ತು ತಂದು, ಬೆಂಚಿಗೆ ಹಾಕಿ, ಹಳೆಯ ನಟ್ಟನ್ನು ತೂರಿಸಲು ಹೋದರೆ ತೂರಲೇ ಇಲ್ಲ. ನೀರಿನ ಪೈಪು ಮಾರುವ ಆ ಗಲ್ಲಿಯಲ್ಲಿ ಅಳೆಯುವುದು ಪೈಪಿನ ಒಳಗಿನ ತೂತನ್ನು. ನಾವು ಅಳೆಯುವುದು ಹೊರಮೈಯನ್ನು. ಇದು ನನಗೆ ಗೊತ್ತಿರಬೇಕಿತ್ತು. ನಟ್ಟನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕಿತ್ತು. ಅವಸರದಲ್ಲಿ ಹಾಗೆಯೇ ಹೋಗಿದ್ದೆ. ಒಂದು ದಿನ ಹೋಯಿತು.

ಮಾಲೀಕರು ಆ ಪೈಪನ್ನು ಎತ್ತಿ ಕಣ್ಣಿಗೆ ಹಿಡಿದು ದೂರದರ್ಶಕದಂತೆ ನೋಡಿದರು. "ಇದರಲ್ಲಿ ನಿನ್ನ ಧಾರವಾಡ ಕಾಣ್ತದೆ, ನೋಡು."

ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. ನಮ್ಮ ಹಿರಿಯ ಫಿಟ್ಟರ್, ಎಲ್ಲರೂ ಉಸ್ತಾದ್ ಎನ್ನುತ್ತಿದ್ದವರು, ಅವರು ಮಾತ್ರ ನಗಲಿಲ್ಲ. "ನಟ್ ಜೇಬ್ ಮೇ ರಖ್, ಭಾಯ್," ಎಂದರು. ಅಷ್ಟೇ.

ಅದೇ ದಿನ ರಬ್ಬರಿನ ಹೋಸುಗಳ ಕೆಲಸವನ್ನೂ ಶುರುಮಾಡಿದ್ದೆ. ಮಾರುಕಟ್ಟೆಯಲ್ಲಿ ಎರಡು ಬಗೆಯವು ಸಿಕ್ಕವು. ಒಂದು, ಇಲ್ಲೇ ತಯಾರಾದ ಪೆಟ್ರೋಲಿನ ಹೋಸು. ಮೈಮೇಲೆ ಬಟ್ಟೆಯ ಹೊದಿಕೆ, ನೋಡಲು ಗಟ್ಟಿಮುಟ್ಟು. ಇನ್ನೊಂದು, ಯಾವುದೋ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿದ್ದ ಬ್ರೇಕಿನದೇ ಹೋಸು. ಪೆಟ್ರೋಲಿಗೆ ತಡೆಯುವ ರಬ್ಬರು ಬ್ರೇಕಿನ ಎಣ್ಣೆಗೂ ತಡೆಯುತ್ತದೆ ಎಂದು ಹೇಳುವವರಿದ್ದರು. ನನಗೆ ಹೇಳಿಕೆ ಬೇಕಿರಲಿಲ್ಲ. ಪಕ್ಕದ ಉಡುಪಿ ಹೋಟೆಲಿನಿಂದ ಎರಡು ಗಾಜಿನ ಲೋಟ ತಂದು, ಎರಡರಲ್ಲೂ ಬ್ರೇಕಿನ ಎಣ್ಣೆ ಹಾಕಿ, ಒಂದೊಂದರಲ್ಲಿ ಒಂದೊಂದು ತುಂಡನ್ನು ಮುಳುಗಿಸಿ, ಕಿಟಕಿಯ ಮೇಲಿಟ್ಟೆ. ಮುಳುಗಿಸುವ ಮುಂಚೆ ಕ್ಯಾಲಿಪರಿನಲ್ಲಿ ದಪ್ಪ ಅಳೆದು ಬರೆದುಕೊಂಡೆ.

"ಎಂತದ್ದು ಇದು? ಯಾರಿಗೆ ಕಷಾಯ?" ಎಂದು ಮಾಲೀಕರು ಕೇಳಿದರು.

"ಮೂರು ದಿನ ನೆನೀಬೇಕ್ರಿ. ಉಬ್ಬತೈತೋ ಇಲ್ಲೋ ನೋಡಬೇಕು."

"ನೆನೆ ಹಾಕ್ಲಿಕ್ಕೆ ಇದೇನು ಉದ್ದಿನಬೇಳೆಯಾ? ಆ ಲೋಟ ಇನ್ನು ಹೋಟೆಲಿನವ ವಾಪಸ್ ತಗೊಳ್ಳುವುದಿಲ್ಲ."

ತೆಗೆದುಕೊಳ್ಳಲಿಲ್ಲ, ನಿಜ.

ಬುಧವಾರ ನಟ್ಟನ್ನು ಜೇಬಿಗೆ ಹಾಕಿಕೊಂಡು ಮತ್ತೆ ಹೋದೆ. ಮಧ್ಯಾಹ್ನದವರೆಗೆ ಕಂಡದ್ದೆಲ್ಲ ಹಳೆಯ ಲಾರಿಗಳಿಂದ ಬಿಚ್ಚಿದ ಪೈಪುಗಳು. ಹೊರಗೆ ಬಣ್ಣ ಬಳಿದಿದ್ದರು. ತುದಿಯನ್ನು ಒಂದಿಂಚು ಕತ್ತರಿಸಿ ಸೀಳಿ ತೋರಿಸಿ ಎಂದರೆ ಯಾವ ಅಂಗಡಿಯವನೂ ಒಪ್ಪಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ, ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜು ಹಾಕಿದ ಡಿಸ್ಪೋಸಲ್ ಮಾಲು ಮಾರುವ ಒಬ್ಬ ಮುದುಕ ಸೇಠರ ಅಂಗಡಿಯ ಅಟ್ಟದ ಮೇಲೆ ಒಂದು ಉದ್ದನೆಯ ಪೆಟ್ಟಿಗೆ ಸಿಕ್ಕಿತು. ಒಳಗೆ ಮೇಣದ ಕಾಗದದಲ್ಲಿ ಸುತ್ತಿದ ಉಕ್ಕಿನ ಬ್ರೇಕ್ ಪೈಪುಗಳು. ಎರಡೂ ತುದಿಗೆ ಬಿರಡೆ. ಅಂದರೆ ಅಷ್ಟು ವರ್ಷ ಒಳಗೆ ಗಾಳಿಯೇ ಹೋಗಿಲ್ಲ. ಜೇಬಿನಿಂದ ನಟ್ಟು ತೆಗೆದು ತೂರಿಸಿದೆ. ಸಲೀಸಾಗಿ ಜಾರಿತು.

"ಕಾಟ್ ಕೇ ದೇಖೂಂ?" ಎಂದು ಕೇಳಿದೆ.

"ಕಾಟ್. ಜೋ ಕಾಟೇಗಾ ವೋ ಲೇಗಾ," ಎಂದರು ಸೇಠರು. ಕತ್ತರಿಸಿದ ಮೇಲೆ ಬಿಟ್ಟು ಹೋಗುವ ಹಾಗಿಲ್ಲ.

ಕತ್ತರಿಸಿದೆ. ಒಳಗೆ ಬೆಳ್ಳಿಯ ಹಾಗಿತ್ತು. ಕೊಂಡೆ. ಹಾಗೆಯೇ ಗೋದಾಮಿನ ಬ್ರೇಕ್ ಹೋಸುಗಳ ಅಂಗಡಿಗೆ ಹೋಗಿ, ಒಂದೊಂದನ್ನೂ ಹೆಬ್ಬೆರಳಿನ ಮೇಲೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡಿದೆ. ಎಂಟರಲ್ಲಿ ಐದರ ಮೈ ಕೂದಲಿನಷ್ಟು ಸಣ್ಣದಾಗಿ ಬಿರಿಯಿತು. ಬಿರಿಯದ ಮೂರನ್ನು ತಂದೆ.

ಗುರುವಾರ ಪೈಪಿನ ತುದಿಗಳನ್ನು ಅಗಲಿಸಲು ಕೂತೆ. ಮೊದಲನೆಯದು ಸೀಳಿತು. ತುದಿಯನ್ನು ಅರದಿಂದ ಇನ್ನಷ್ಟು ನಯ ಮಾಡಿ ಎರಡನೆಯದನ್ನು ಅಗಲಿಸಿದೆ. ಅದೂ ಸೀಳಿತು. ನಮ್ಮಲ್ಲಿದ್ದ ಉಪಕರಣ ತಾಮ್ರಕ್ಕೆ ತಕ್ಕದ್ದು; ಒಂದೇ ಏಟಿಗೆ ಅಗಲಿಸುವಂಥದ್ದು. ಈ ಉಕ್ಕಿಗೆ ತುದಿಯನ್ನು ಮೊದಲು ಒಳಕ್ಕೆ ಮಡಚಿ, ಆಮೇಲೆ ಅಗಲಿಸಬೇಕು. ಆಗ ಬಾಯಿ ಎರಡು ಪದರವಾಗುತ್ತದೆ. ಮಡಚುವುದಕ್ಕೆ ಒಂದು ಸಣ್ಣ ಅಚ್ಚು ಬೇಕು. ಅದು ನಮ್ಮಲ್ಲಿರಲಿಲ್ಲ. ಮಾಲೀಕರು ಎರಡು ಸೀಳಿದ ತುದಿಗಳನ್ನೂ ನೋಡಿದರು. ಬೆಂಚಿನ ಮೇಲಿಟ್ಟು ಹೋದರು. ಅವರು ತಮಾಷೆ ಮಾಡದಿದ್ದಾಗ ನನಗೆ ಹೆಚ್ಚು ಕಳವಳ.

ಶುಕ್ರವಾರ ಬೆಳಿಗ್ಗೆ ಅಚ್ಚು ಮಾಡಿಸಲು ಘಾಟ್ಕೋಪರಿನ ಒಂದು ಲೇತ್ ಅಂಗಡಿಗೆ ಹೋದೆ. ಅಚ್ಚನ್ನು ಕೆತ್ತಿಸಿ, ಕಾಸಿ ಗಡುಸು ಮಾಡಿಸಿ, ಗ್ಯಾರೇಜಿಗೆ ವಾಪಸು ಬಂದಾಗ ಎರಡೂವರೆ. ಮಧ್ಯಾಹ್ನದ ಗಡುವು ಮೀರಿತ್ತು.

ಕಾರು ಜಾಕಿನ ಮೇಲೆ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಆರು ತಾಮ್ರದ ಪೈಪುಗಳು. ಉಸ್ತಾದರ ಕೈ ಅದು, ಎಲ್ಲಿಯೂ ಒಂದು ಸೊಟ್ಟವಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ತಾಮ್ರದ ಕೆಲಸ ಕಂಡಿಲ್ಲ. ಕಿಟಕಿಯ ಮೇಲಿನ ಲೋಟಗಳಿಗೆ ಮೂರು ದಿನ ತುಂಬಿತ್ತು. ತುಂಡುಗಳನ್ನು ತೆಗೆದು ಅಳೆದೆ. ಪೆಟ್ರೋಲಿನ ಹೋಸು ಉಬ್ಬಿ, ಉಗುರು ಒತ್ತಿದರೆ ಗುರುತು ಉಳಿಯುವಷ್ಟು ಮೆತ್ತಗಾಗಿತ್ತು. ಬ್ರೇಕ್ ಹೋಸಿನ ತುಂಡು ಹಾಗೆಯೇ ಇತ್ತು. ಅಷ್ಟು ಮಟ್ಟಿಗೆ ನನ್ನ ಮಾತು ನಿಂತಿತು. ಮೂರು ಹೋಸುಗಳನ್ನು ನಾನೇ ಜೋಡಿಸಿದೆ. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಗಾಲಿಯನ್ನು ಇಳಿಬಿಟ್ಟು, ಎತ್ತಿ, ಹೋಸು ಎಲ್ಲಿಯೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿದೆ. ಪೈಪುಗಳನ್ನು ಮುಟ್ಟಲಿಲ್ಲ.

"ಕಾರ್ಡ್ ಬರೆ," ಎಂದರು ಮಾಲೀಕರು. "ಹೊಸ ಪೈಪ್, ಹೊಸ ಹೋಸ್ ಹಾಕಿದೆ. ಅಷ್ಟೇ ಬರೆ, ಸಹಿ ಹಾಕು."

"ಪೈಪು ತಾಮ್ರದ್ದು ಅಂತ ಬರೀಲ್ಯಾ?"

"ಯಾಕೆ? ಹೊಸದು ಹೌದೋ ಅಲ್ಲವೋ?"

ಹೊಸದು ಹೌದು. ಪ್ರತಿ ಪದವೂ ನಿಜವಾಗಿದ್ದು ವಿಷಯ ಮಾತ್ರ ಮುಚ್ಚಿಹೋಗುವ ವಾಕ್ಯ ಅದು. ಅಂಥ ವಾಕ್ಯವನ್ನು ನಾನು ಆ ದಿನ ಬರೆಯಲಿಲ್ಲ. ನಾನು ಬರೆದದ್ದು ಹೀಗಿತ್ತು: "ರಬ್ಬರ್ ಹೋಸು ಮೂರು, ಹೊಸದು, ಬ್ರೇಕಿನವೇ, ನೆನೆಸಿ ನೋಡಿದ್ದು. ಪೈಪು ಆರು, ತಾಮ್ರ. ಮೊದಲು ಇದ್ದದ್ದು ಉಕ್ಕು. ತಾಮ್ರಕ್ಕೆ ನನ್ನ ಒಪ್ಪಿಗೆ ಇಲ್ಲ." ಕೆಳಗೆ ಸಹಿ ಹಾಕಿ, ಕಾರ್ಡನ್ನು ಎಂದಿನಂತೆ ಸ್ಟೀರಿಂಗಿಗೆ ತಂತಿಯಿಂದ ಕಟ್ಟಿದೆ. ಮಾಲೀಕರು ಓದಲಿಲ್ಲ. ತಾವು ಹೇಳಿದ್ದನ್ನೇ ನಾನು ಬರೆಯುತ್ತೇನೆಂದು ಅವರಿಗೆ ನಂಬಿಕೆ ಇತ್ತು.

ಶನಿವಾರ ಬೆಳಿಗ್ಗೆ ಡಾಕ್ಟರ್ ಬಾಯಿ ಬಂದರು. ಕೈಯಲ್ಲಿ ಔಷಧದ ಪೆಟ್ಟಿಗೆ. ಮಾಲೀಕರು ನನ್ನತ್ತ ನೋಡಿ ಗದ್ದ ಎತ್ತಿದರು. "ಹತ್ತು, ಧಾರವಾಡ."

"ನಾ ಹತ್ತೂದಿಲ್ರಿ. ಪೈಪು ಹಾಕಿದವ್ರು ಕೂಡ್ರಬೇಕು. ಅದು ನೀವು ಮಾಡಿದ ಕಟ್ಟಳೆ."

ಮಾಲೀಕರು ಉಸ್ತಾದರ ಕಡೆ ತಿರುಗಿದರು. ಉಸ್ತಾದ್ ಚಿಂದಿ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದರು; ಒರೆಸುತ್ತಲೇ ಇದ್ದರು. "ಹಾಥ್ ಮೇರಾ ಥಾ, ಸೇಠ್. ಹುಕುಂ ಆಪ್ ಕಾ," ಎಂದರು. ಕೈ ನನ್ನದು, ಅಪ್ಪಣೆ ನಿಮ್ಮದು.

ಮಾಲೀಕರ ಮುಖ ಕೆಂಪಾಯಿತು. ಆದರೆ ಒಂದು ಮಾತು ಒಪ್ಪಬೇಕು: ಅವರು ಹಿಂಜರಿಯಲಿಲ್ಲ. ಪಂಚೆಯನ್ನು ಎತ್ತಿ ಕಟ್ಟಿ, ಆ ತಗ್ಗು ಸೀಟಿನಲ್ಲಿ ಮೊಣಕಾಲು ಮಡಚಿ ಕೂತರು. "ಹೋಗುವ, ಡಾಕ್ಟ್ರೇ. ಆಂಟಾಪ್ ಹಿಲ್ ಇಳಿಜಾರಿಗೇ ಹೋಗುವ."

ಇಪ್ಪತ್ತು ನಿಮಿಷಕ್ಕೆ ಕಾರು ವಾಪಸು ಬಂತು. ಬಾಗಿಲಿಗೆ ಬಂದು, ಗಕ್ಕನೆ, ನಾಲ್ಕೂ ಗಾಲಿ ಒಟ್ಟಿಗೆ ಹಿಡಿದು ನಿಂತಿತು.

"ನಿಂತಿತಾ?" ಮಾಲೀಕರು ಇಳಿಯುವ ಮೊದಲೇ ಕೇಳಿದರು. ಪ್ರಶ್ನೆ ನನಗೆ. "ಗುಡ್ಡದ ಇಳಿಜಾರಲ್ಲಿ ಮೂರು ಸಲ ನಿಂತಿತು. ಈಗ ಎಂತ ಹೇಳ್ತೀ?"

"ನಿಲ್ಲತೈತ್ರಿ. ಇವತ್ತು ನಿಲ್ಲೂದಿಲ್ಲ ಅಂತ ನಾ ಎಲ್ಲಿ ಅಂದೀನಿ?"

ಡಾಕ್ಟರ್ ಬಾಯಿ ಆಗಲೇ ಸ್ಟೀರಿಂಗಿನಿಂದ ಕಾರ್ಡು ಬಿಚ್ಚಿಕೊಂಡಿದ್ದರು. ಗಿರಾಕಿಗಳು ಅದನ್ನು ಓದುತ್ತಿರಲಿಲ್ಲ. ಸಹಿ ಹಾಕಿ ಕೊಟ್ಟುಬಿಡುತ್ತಿದ್ದರು. ಆದರೆ ಇವರು ದಿನವಿಡೀ ಆಸ್ಪತ್ರೆಯಲ್ಲಿ ಬೇರೆಯವರು ಬರೆದ ಕೇಸ್ ಪೇಪರ್ ಓದುವವರು. ಮೊದಲಿನಿಂದ ಕೊನೆಯವರೆಗೆ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು.

"ಇದನ್ನ ಬರದವ್ರು ಯಾರು?"

"ನಾನ್ರಿ ಬಾಯಾರ."

"ಏ," ಎಂದರು ಮಾಲೀಕರು. ನಮ್ಮಲ್ಲಿ ಗಿರಾಕಿಗಳ ಜತೆ ಮಾತಾಡುವುದು ಮಾಲೀಕರು ಮಾತ್ರ. ಫಿಟ್ಟರುಗಳು ಗಾಡಿಯ ಜತೆ ಮಾತಾಡಬೇಕು. ಹಾಗೆಂದು ಅವರೇ ಹೇಳುತ್ತಿದ್ದರು.

"ಅವ್ರು ಹೇಳ್ಲಿ," ಎಂದರು ಡಾಕ್ಟರ್ ಬಾಯಿ. "ನಾಳೆ ಘಾಟ್ನ್ಯಾಗ ಇದು ಒಡೀತದೇನು ತಮ್ಮಾ?"

ಒಡೆಯುತ್ತದೆ ಎಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಅದು ನನಗೆ ಗೊತ್ತಿರಲಿಲ್ಲ.

"ನಾಳೆ ಒಡಿಯೂದಿಲ್ರಿ, ಬಹುತೇಕ. ಬರೂ ತಿಂಗಳೂ ಒಡಿಯೂದಿಲ್ಲ. ಯಾವಾಗ ಒಡೀತೈತಿ ಅನ್ನೂದು ಯಾರಿಗೂ ಗೊತ್ತಾಗೂದಿಲ್ಲ. ನೋಡಿದ್ರ ಕಾಣೂದಿಲ್ಲ. ಅದಕ್ಕ ಬ್ಯಾಡ ಅಂತೀನಿ."

ಡಬ್ಬಿಯಿಂದ ಆ ತಾಮ್ರದ ತುಂಡನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಅಗಲಿಸಿದ ಬಾಯಿಯ ಕೆಳಗೆ, ಕತ್ತಿನ ಸುತ್ತ, ಉಗುರಿನ ಅಂಚಿನಂಥ ಸೀಳು. ಉಳಿದ ಮೈ ಇನ್ನೂ ಹೊಳೆಯುತ್ತಿತ್ತು.

"ಎರಡು ವರ್ಷದ ಹಿಂದಿಂದು. ಬ್ರೆಡ್ ವ್ಯಾನು. ಮಾಟುಂಗದಾಗ ಗೋಡೆಗೆ ಹೋತು. ಡ್ರೈವರಂದು ಮೊಣಕಾಲು ಮುರೀತು. ಅವ ಈಗ ಗಾಡಿ ಬಿಡೂದಿಲ್ಲ."

"ಕ್ಲಿಪ್ ಇರ್ಲಿಲ್ಲ ಅದರಲ್ಲಿ!" ಎಂದರು ಮಾಲೀಕರು. "ಕ್ಲಿಪ್ ಇಲ್ಲದೆ ನಡುಗಿ ನಡುಗಿ ಹೋಯ್ತು. ಹಾಕಿದವ ಸರಿ ಹಾಕಿದ್ರೆ ತಾಮ್ರ ಎಂತ ಮಾಡ್ತದೆ?"

"ಇರಬಹುದ್ರಿ. ಹಾಕಿದವ ನಾನ." ಡಾಕ್ಟರ್ ಬಾಯಿಯ ಮುಖ ನೋಡಿಯೇ ಹೇಳಿದೆ. "ಕ್ಲಿಪ್ ಹಾಕಿದ್ದೆ. ಯಾವಾಗ ಕಳಚೇತಿ ಗೊತ್ತಿಲ್ಲ. ಮೊದಲನೇ ಸವಾರಿಗೆ ಅವನ ಪಕ್ಕ ಕುಂತಾಂವನೂ ನಾನ. ಅವತ್ತು ಭಾಳ ಛಲೋ ನಿಂತಿತ್ರಿ."

ಹಳಿಯ ಮೇಲೆ ಒಂದು ಲೋಕಲ್ ಹೋಯಿತು. ಅದರ ಸದ್ದು ಅಡಗುವವರೆಗೆ ಡಾಕ್ಟರ್ ಬಾಯಿ ಆ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಔಷಧದ ಪೆಟ್ಟಿಗೆಯನ್ನು ಕಾರಿನಿಂದ ಹೊರಗೆ ತೆಗೆದರು.

"ಉಕ್ಕು ಹಾಕ್ರಿ. ನಾಳೆ ನಾ ದಾದರಿನಿಂದ ರೈಲಿಗೆ ಹೋಗ್ತೀನಿ. ಸೋಮವಾರ ಸಂಜಿಗೆ ಬರ್ತೀನಿ."

"ಡಾಕ್ಟ್ರೇ, ಇವನ ಮಾತು ಕೇಳಿ ಸುಮ್ನೆ..."

"ನಿಮ್ಮ ಬಗ್ಗೆ ನನಗ ತಕರಾರಿಲ್ಲ. ನೀವು ಕೂತು ತೋರಿಸಿದ್ರಿ. ಆದ್ರ ನೀವು ಕೂತದ್ದು ಇವತ್ತಿಗೆ. ನಾ ಕೂಡ್ರೂದು ಪ್ರತಿ ಭಾನುವಾರ."

ಅವರು ಹೋದ ಮೇಲೆ ಮಾಲೀಕರು ನನ್ನೆದುರು ನಿಂತರು. ಕೂಗಾಡಲಿಲ್ಲ. "ನೀನು ಹೇಳಿದ್ದು ಸರಿಯೋ ತಪ್ಪೋ, ನನಗೆ ಬೇಡ. ನನ್ನ ಅಂಗಳದಲ್ಲಿ, ಗಿರಾಕಿಯ ಎದುರು, ನನ್ನ ಹುಡುಗರ ಎದುರು ಹೇಳಿದಿ. ಈ ಗಾಡಿ ಮುಗ್ಸು. ಆಮೇಲೆ ನಿನಗೆ ಇಲ್ಲಿ ಕೆಲಸ ಇಲ್ಲ."

"ಆತ್ರಿ," ಎಂದೆ.

ಕ್ಷಮೆ ಕೇಳಿದ್ದರೆ ಉಳಿಸಿಕೊಳ್ಳುತ್ತಿದ್ದರೆಂದು ಉಸ್ತಾದ್ ಆಮೇಲೆ ಹೇಳಿದರು. ಇರಬಹುದು. ಕೇಳುವಂಥದ್ದು ಏನಿದೆ ಎಂದು ನನಗೆ ಆಗಲೂ ತೋರಲಿಲ್ಲ, ಈಗಲೂ ತೋರುವುದಿಲ್ಲ.

ಆ ಮಧ್ಯಾಹ್ನ ತಾಮ್ರದ ಆರೂ ಪೈಪುಗಳನ್ನು ಬಿಚ್ಚಿ, ಒಂದೂ ಬಾಗದಂತೆ ಮಾಲೀಕರ ಮೇಜಿನ ಪಕ್ಕ ಗೋಡೆಗೆ ಒರಗಿಸಿಟ್ಟೆ. ಅವು ಉಸ್ತಾದರ ಕೆಲಸ. ಹಾಳುಮಾಡುವ ಹಕ್ಕು ನನಗಿರಲಿಲ್ಲ. ಅವನ್ನೇ ಮಾದರಿಯಾಗಿಟ್ಟುಕೊಂಡು ಉಕ್ಕನ್ನು ಬಗ್ಗಿಸಿದೆ. ಹೊಸ ಅಚ್ಚು ಹಿಡಿದು ಮೊದಲ ತುದಿಯನ್ನು ಒಳಕ್ಕೆ ಮಡಚಿ, ಆಮೇಲೆ ಅಗಲಿಸಿದೆ. ಸೀಳಲಿಲ್ಲ. ಹನ್ನೆರಡು ತುದಿಗಳಲ್ಲಿ ಒಂದು ಓರೆಯಾಯಿತು; ಕತ್ತರಿಸಿ ಮತ್ತೆ ಮಾಡಿದೆ. ಗೇಣು ಗೇಣಿಗೆ ಒಂದು ಕ್ಲಿಪ್ ಹಾಕಿದೆ. ಹಿಂದಿನ ಆಕ್ಸಲ್ಲಿನ ಮೇಲೆ ಎರಡು ಹೆಚ್ಚು.

ಸೋಮವಾರ ಬೆಳಿಗ್ಗೆ ಎಣ್ಣೆ ತುಂಬಿ ಪೈಪುಗಳೊಳಗಿನ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಇಬ್ಬರು ಬೇಕು. ಒಬ್ಬ ಪೆಡಲ್ ಮೇಲೆ, ಒಬ್ಬ ಗಾಲಿಯ ಬಳಿ. ಯಾರನ್ನು ಕರೆಯುವುದೆಂದು ಯೋಚಿಸುತ್ತಿದ್ದಾಗ ಉಸ್ತಾದ್ ಬಂದು ಡ್ರೈವರ್ ಸೀಟಿನಲ್ಲಿ ಕೂತರು.

"ದಬಾಯಾ," ಎಂದು ಉಸ್ತಾದ್ ಪೆಡಲ್ ಒತ್ತುವರು. ನಾನು ಸ್ಕ್ರೂ ಸಡಿಲಿಸುವೆ. ಗುಳ್ಳೆಗಳು ಬರುವವು. ಬಿಗಿ ಮಾಡಿ "ಛೋಡೋ" ಎನ್ನುವೆ, ಅವರು ಕಾಲು ತೆಗೆಯುವರು. ಮತ್ತೆ "ದಬಾಯಾ." ನಾಲ್ಕು ಗಾಲಿಗೂ ಹೀಗೆ. ಗುಳ್ಳೆ ನಿಂತ ಮೇಲೆ, ಸೀಟಿಗೂ ಪೆಡಲಿಗೂ ನಡುವೆ ಒಂದು ಮರದ ತುಂಡನ್ನು ಬಿಗಿಯಾಗಿ ಕೊಟ್ಟು, ಬ್ರೇಕು ಒತ್ತಿದ ಹಾಗೆಯೇ ಊಟದ ಹೊತ್ತಿನವರೆಗೂ ಬಿಟ್ಟೆವು. ಆಮೇಲೆ ಒಂದೊಂದು ನಟ್ಟಿನ ಸುತ್ತ ಒಣ ಬೆರಳು ಓಡಿಸಿದೆ. ಎಲ್ಲವೂ ಒಣಗಿದ್ದವು.

ಸಂಜೆ ಡಾಕ್ಟರ್ ಬಾಯಿ ಬಂದಾಗ ನಾನು ಸೀಟಿನ ಕಡೆ ನಡೆದೆ. ಮಾಲೀಕರು ಬಾಗಿಲಲ್ಲಿ ನಿಂತಿದ್ದರು.

"ನೀನು ಯಾಕೆ ಹತ್ತುವುದು? ನಿನ್ನ ಕೆಲಸ ಮುಗೀತಲ್ಲ. ನೀನೀಗ ನಮ್ಮವ ಅಲ್ಲ. ಕಟ್ಟಳೆ ನಮ್ಮವರಿಗೆ."

"ಕೆಲಸ ಬಿಟ್ಟೇನ್ರಿ. ಬ್ರೇಕು ಬಿಟ್ಟಿಲ್ಲ," ಎಂದು ಹೇಳಿ ಕೂತೆ.

ಆಂಟಾಪ್ ಹಿಲ್ ಇಳಿಜಾರಿನಲ್ಲಿ ಡಾಕ್ಟರ್ ಬಾಯಿ ಮೂರು ಸಲವಲ್ಲ, ಏಳು ಸಲ ನಿಲ್ಲಿಸಿದರು. ಕಾರು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಹಿಂದಿನ ಕಾರ್ಡಿನ ಜತೆಗಿರಲೆಂದು ಎರಡನೆಯ ಕಾರ್ಡು ಬರೆದೆ: "ಪೈಪು ಆರು, ಉಕ್ಕು. ಒಪ್ಪಿಗೆ ಇದೆ." ಮೊದಲನೆಯ ಕಾರ್ಡನ್ನು ಮಾಲೀಕರು ಹರಿಯಲಿಲ್ಲ. ಎರಡನ್ನೂ ಹಳೆಯ ಕಾರ್ಡುಗಳ ಒಂದೇ ತಂತಿಗೆ ಸಿಕ್ಕಿಸಿದರು. ನಾನು ಡಬ್ಬಿ ಎತ್ತಿಕೊಂಡು ವಡಾಲ ಸ್ಟೇಷನ್ನಿಗೆ ನಡೆದೆ.

ಮುಂದೆ ಘಾಟ್ಕೋಪರಿನ ಬೇರೆ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದೆ. ಡಾಕ್ಟರ್ ಬಾಯಿಯ ಕಾರು ಅಲ್ಲಿಗೇ ಬರತೊಡಗಿತು. ಹೋಸುಗಳನ್ನು ಒಮ್ಮೆ ಬದಲಿಸಿದೆ. ಪೈಪುಗಳನ್ನು ಮುಟ್ಟುವ ಪ್ರಸಂಗ ಬರಲಿಲ್ಲ.

ತಾಮ್ರದ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಇದು ಉಸ್ತಾದರಿಂದ ಕೇಳಿದ್ದು: ನಾನು ಹೋದ ಮಾರನೆಯ ದಿನವೇ ಮಾಲೀಕರು ಗ್ಯಾರೇಜಿನ ಸ್ವಂತ ವ್ಯಾನನ್ನು ಜಾಕಿಗೆ ಏರಿಸಿ, ಅದರಲ್ಲಿದ್ದ ಒಳ್ಳೆಯ ಉಕ್ಕಿನ ಪೈಪುಗಳನ್ನು ಬಿಚ್ಚಿಸಿ, ಅದೇ ಸುರುಳಿಯ ತಾಮ್ರವನ್ನು ಹಾಕಿಸಿದರಂತೆ. "ಧಾರವಾಡದವ ನೋಡ್ಲಿ" ಎಂದರಂತೆ. ಆ ವ್ಯಾನನ್ನು ಅಂದಿನಿಂದ ಬೇರೆ ಯಾರಿಗೂ ಕೊಡದೆ ತಾವೇ ಓಡಿಸಿದರಂತೆ.

ಉಳಿದದ್ದು ನಾನೇ ಕಂಡದ್ದು. ಮಾಟುಂಗದಲ್ಲೋ ಸಯನ್ ಸರ್ಕಲ್ಲಿನಲ್ಲೋ ನಾನು ನಡೆದು ಹೋಗುವುದು ಕಂಡರೆ ಸಾಕು, ಹಿಂದಿನಿಂದ ಆ ವ್ಯಾನು ಜೋರಾಗಿ ಬಂದು ನನ್ನ ಮೊಣಕಾಲಿಗೆ ಎರಡು ಮಾರು ಇರುವಾಗ ಗಕ್ಕನೆ ನಿಲ್ಲುತ್ತಿತ್ತು. ಕಿಟಕಿಯಿಂದ ಮಾಲೀಕರ ತಲೆ ಹೊರಬರುತ್ತಿತ್ತು.

"ನೋಡು ಮಾರಾಯ! ಎರಡನೇ ಮಳೆಗಾಲ. ಇನ್ನೂ ಉಂಟು!"

ನಾನು ಧೋತರ ಎತ್ತಿ ಕಟ್ಟಿ, ರಸ್ತೆಯ ಮೇಲೆ ಮೊಣಕಾಲೂರಿ, ಮುಂದಿನ ಗಾಲಿಯ ಹಿಂದೆ ಕೈ ಹಾಕುತ್ತಿದ್ದೆ. ಹಿಂದೆ ಟ್ರಾಮು ಗಂಟೆ ಬಾರಿಸುತ್ತಿತ್ತು. ಜನ ನಿಂತು ನೋಡುತ್ತಿದ್ದರು. ನಟ್ಟಿನ ಸುತ್ತ, ತಾಮ್ರದ ಕತ್ತಿನ ಸುತ್ತ ಬೆರಳನ್ನು ಒಂದು ಸುತ್ತು ಓಡಿಸಿ, ಹೊರಗೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಅವರಿಗೂ ತೋರಿಸುತ್ತಿದ್ದೆ.

"ಇವತ್ತಿಗೆ ಒಣಗೈತ್ರಿ, ಸಾವ್ಕಾರ್ರ."

"ನಾಳೆಗೆ?"

"ನಾಳೆ ಮತ್ತ ನಿಲ್ಲಸ್ರಿ. ನೋಡ್ತೇನಿ."